ಹಂತ ದಾಟುವಲ್ಲಿ ಕೈತಪ್ಪುವ ಮಕ್ಕಳು

(ಧಾರವಾಡದಲ್ಲಿ ಶಿಕ್ಷಕರು ಮತ್ತು ಪಾಲಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಮಗು ಅಂಗನವಾಡಿಯಿಂದ ಪದವಿಯವರೆಗೆ ಸಾಗುವಾಗ ಎಷ್ಟು ಇಲಾಖೆಗಳ ಕೈ ದಾಟುತ್ತದೆ ಎಂಬುದನ್ನು ಮೊದಲು ನೋಡೋಣ. ಮೂರನೇ ವಯಸ್ಸಿಗೆ ಅದು ಅಂಗನವಾಡಿಗೆ ಹೋಗುತ್ತದೆ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಆರನೇ ವಯಸ್ಸಿಗೆ ಶಾಲಾ ಶಿಕ್ಷಣ ಇಲಾಖೆಯ ಹಾಜರಿ ಪುಸ್ತಕಕ್ಕೆ ಹೆಸರು ಏರುತ್ತದೆ. ಹಾಸ್ಟೆಲ್ ಬೇಕೆಂದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗೆ ಅರ್ಜಿ ಹಾಕಬೇಕು, ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ಕಂದಾಯ ಇಲಾಖೆಯ ಮುಂದೆ ನಿಲ್ಲಬೇಕು, ಬಸ್ ಪಾಸಿಗೆ ಸಾರಿಗೆ ಸಂಸ್ಥೆಗೆ ಹೋಗಬೇಕು, ಪದವಿಗೆ ಬಂದಾಗ ಉನ್ನತ ಶಿಕ್ಷಣ ಇಲಾಖೆಯ ಬಾಗಿಲು ತಟ್ಟಬೇಕು. ಪ್ರತಿಯೊಂದು ಇಲಾಖೆಯೂ ತನ್ನ ಪುಸ್ತಕದಲ್ಲಿ ಹೆಸರಿರುವವರೆಗೆ ಮಾತ್ರ ಮಗುವನ್ನು ಬಲ್ಲದು. ಒಂದು ಪುಸ್ತಕದಿಂದ ಹೆಸರು ತೆಗೆದು ಇನ್ನೊಂದು ಪುಸ್ತಕದಲ್ಲಿ ಬರೆಯುವ ನಡುವಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ಮಗುವಿಗೆ ಸರ್ಕಾರದಲ್ಲಿ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ.

ಶಿಕ್ಷಣದ ಅಸಮಾನತೆಯ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಲೆಯ ಒಳಗಿನ ಕೊರತೆಗಳನ್ನು ಹೇಳುತ್ತೇವೆ: ಸೋರುವ ಕೊಠಡಿ, ಖಾಲಿ ಹುದ್ದೆ, ನೀರಿಲ್ಲದ ಶೌಚಾಲಯ. ಅವೆಲ್ಲ ನಿಜ. ಗದಗ ಮತ್ತು ಹಾವೇರಿ ಜಿಲ್ಲೆಗಳ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಪಾಠ ಮಾಡಿದ ನನಗೆ ಅವುಗಳ ಪರಿಚಯ ಚೆನ್ನಾಗಿಯೇ ಇದೆ. ಆದರೆ ನಾನು ಇಂದು ಹೇಳಬೇಕೆಂದಿರುವುದು ಬೇರೆ. ನಮ್ಮ ಭಾಗದ ಬಡ ಮಕ್ಕಳು ಹೆಚ್ಚಾಗಿ ಕೈತಪ್ಪುವುದು ತರಗತಿಯೊಳಗೆ ಕುಳಿತಿರುವಾಗಲ್ಲ, ಒಂದು ಹಂತದಿಂದ ಇನ್ನೊಂದು ಹಂತಕ್ಕೆ ದಾಟುವಾಗ. ಆ ದಾಟುವಿಕೆಯ ಖರ್ಚು, ಓಡಾಟ, ತಿಳಿವಳಿಕೆ ಎಲ್ಲವನ್ನೂ ನಾವು ಮನೆಯವರ ಮೇಲೆ ಬಿಟ್ಟಿದ್ದೇವೆ. ಅನುಕೂಲವಿರುವ ಮನೆ ಅದನ್ನು ಹೊರುತ್ತದೆ, ಇಲ್ಲದ ಮನೆಯ ಮಗು ಅಲ್ಲಿಯೇ ನಿಲ್ಲುತ್ತದೆ.

ಮೊದಲ ದಾಟು ಅಂಗನವಾಡಿಯಿಂದ ಒಂದನೇ ತರಗತಿಗೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಆಗ ಆಯ್ಕೆಯಾದ 33 ಕಡೆಗಳಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಒಂದು. ಅರ್ಧ ಶತಮಾನ ಕಳೆದಿದೆ. ಮಕ್ಕಳ ಹೊಟ್ಟೆ ತುಂಬಿಸುವಲ್ಲಿ, ಚುಚ್ಚುಮದ್ದು ತಲುಪಿಸುವಲ್ಲಿ ಅಂಗನವಾಡಿಗಳು ಮಾಡಿದ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಅದೇ ಕಾರ್ಯಕರ್ತೆ ತೂಕ ನೋಡಬೇಕು, ಗರ್ಭಿಣಿಯರ ಆಹಾರದ ಲೆಕ್ಕ ಬರೆಯಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಪೋಷಣೆಯ ದಾಖಲೆ ತುಂಬಬೇಕು, ಮತದಾರರ ಪಟ್ಟಿಯ ಕೆಲಸಕ್ಕೂ ಹೋಗಬೇಕು. ಇಷ್ಟೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಹಾಡು, ಕತೆ, ಅಕ್ಷರ. ಹುಬ್ಬಳ್ಳಿಯ ವಿದ್ಯಾನಗರದ ಮಗು ಇದೇ ವಯಸ್ಸಿನಲ್ಲಿ ಎಲ್‌ಕೆಜಿ, ಯುಕೆಜಿ ಮುಗಿಸಿ, ಪುಸ್ತಕ ಹಿಡಿಯುವುದನ್ನು, ಸಾಲಿನಲ್ಲಿ ಕೂರುವುದನ್ನು, ಕೇಳಿದ್ದಕ್ಕೆ ಉತ್ತರಿಸುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಒಂದನೇ ತರಗತಿಯ ಮೊದಲ ದಿನ ಇಬ್ಬರೂ ಮಕ್ಕಳು ಒಂದೇ ಗೆರೆಯ ಮೇಲೆ ನಿಂತಿರುವುದಿಲ್ಲ.

ಇದಕ್ಕೆ ಮನೆಮಾತಿನ ವಿಷಯವೂ ಸೇರುತ್ತದೆ. ಶಿರಹಟ್ಟಿ, ಮುಂಡರಗಿ ತಾಲ್ಲೂಕಿನ ತಾಂಡಾಗಳ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಕಲಘಟಗಿಯ ಕಾಡಂಚಿನ ಗೌಳಿ ದಡ್ಡಿಗಳ, ಅಂದರೆ ದನಗಾಹಿಗಳ ಹಟ್ಟಿಗಳ, ಮಗುವಿನ ಮಾತು ಬೇರೆ. ಹಳೇ ಹುಬ್ಬಳ್ಳಿ ಮತ್ತು ಸವಣೂರಿನ ಎಷ್ಟೋ ಮನೆಗಳಲ್ಲಿ ಉರ್ದು. ಆರು ವರ್ಷದ ಮಗು ತನ್ನದಲ್ಲದ ಮಾತಿನಲ್ಲಿ ಓದಲು ಕಲಿಯುತ್ತಿದೆ ಎಂಬುದನ್ನು ಶಿಕ್ಷಕರು ಅರಿತಿದ್ದರೆ ವರ್ಷದೊಳಗೆ ದಾರಿ ಸಿಗುತ್ತದೆ. ಅರಿಯದಿದ್ದರೆ ಆ ಮಗುವಿಗೆ 'ದಡ್ಡ' ಎಂಬ ಹೆಸರು ಅಂಟುತ್ತದೆ. ಉರ್ದು ಶಾಲೆಗಳಿಗೆ ಇನ್ನೊಂದು ತೊಡಕಿದೆ. ಪ್ರಾಥಮಿಕದಲ್ಲಿ ಉರ್ದು ಮಾಧ್ಯಮದ ಶಾಲೆಗಳು ಸಾಕಷ್ಟಿವೆ, ಪ್ರೌಢಶಾಲೆಯಲ್ಲಿ ಕಡಿಮೆ, ಮುಂದೆ ಇಲ್ಲವೆಂಬಷ್ಟು ವಿರಳ. ಏಳು ವರ್ಷ ಒಂದು ಭಾಷೆಯಲ್ಲಿ ಓದಿದ ಹುಡುಗಿ ಎಂಟನೆಯದಕ್ಕೆ ಬಂದಾಗ ಕನ್ನಡದಲ್ಲಿ ವಿಜ್ಞಾನ, ಸಮಾಜ ಓದಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು.

ನಲಿ–ಕಲಿಯ ಬಗ್ಗೆ ಒಂದು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ ಕಟ್ಟಿದ ಆ ಪದ್ಧತಿ, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲೇರಲಿ ಎಂಬ ತಿಳಿವಳಿಕೆಯಿಂದ ಹುಟ್ಟಿದ್ದು, ಮತ್ತು ನನ್ನ ಮಟ್ಟಿಗೆ ಕರ್ನಾಟಕದ ಶಾಲಾ ಶಿಕ್ಷಣ ಕಂಡ ಅತ್ಯುತ್ತಮ ಪ್ರಯತ್ನಗಳಲ್ಲೊಂದು. ಆದರೆ ಅದಕ್ಕೆ ಪೂರ್ಣ ಗಮನ ಕೊಡುವ ಒಬ್ಬ ಶಿಕ್ಷಕಿ ಬೇಕು. ಒಂದರಿಂದ ಐದರವರೆಗೆ ಒಬ್ಬರೇ ನೋಡಿಕೊಳ್ಳುವ ತಾಂಡಾ ಶಾಲೆಯಲ್ಲಿ ಆ ಪದ್ಧತಿಯ ಕಲಿಕೆಯ ಕಾರ್ಡುಗಳು ತಟ್ಟೆಯಲ್ಲಿ ಜೋಡಿಸಿಟ್ಟಂತೆಯೇ ಉಳಿಯುತ್ತವೆ. ಕೋವಿಡ್ ಬಂದಾಗ ಈ ಕಿರಿಯ ಮಕ್ಕಳೇ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡರು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳು ಈಗ ಹಿರಿಯ ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಳಲ್ಲಿದ್ದಾರೆ. 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮ ನಡೆಯಿತು, ಪುಸ್ತಕ ಬಂದವು. ಆದರೂ ಮಕ್ಕಳ ಓದು, ಲೆಕ್ಕ ಅಳೆಯುವ 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುವುದಿಲ್ಲ. ಇಂಥ ಮಗು ದೊಡ್ಡ ಶಾಲೆಯ ಬಾಗಿಲಿಗೆ ಬಂದಾಗ ಏನಾಗುತ್ತದೆ ಎಂಬುದೇ ನನ್ನ ಮುಂದಿನ ವಿಷಯ.

ಇಲ್ಲಿ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಎಂಟನೇ ತರಗತಿಯವರೆಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಡುತ್ತದೆ. ಆದರೆ ನಮ್ಮ ಹಳ್ಳಿಗಳ ಬಹುಪಾಲು ಹಿರಿಯ ಪ್ರಾಥಮಿಕ ಶಾಲೆಗಳು ಏಳನೇ ತರಗತಿಗೇ ಮುಗಿಯುತ್ತವೆ, ಎಂಟನೆಯದು ಪ್ರೌಢಶಾಲೆಯಲ್ಲಿದೆ. ಅಂದರೆ ಹಕ್ಕು ಇನ್ನೂ ಒಂದು ವರ್ಷ ಉಳಿದಿರುವಾಗಲೇ ಊರಿನ ಶಾಲೆ ಮುಗಿದುಹೋಗುತ್ತದೆ. ಆ ಕೊನೆಯ ವರ್ಷದ ಹಕ್ಕು ಪಡೆಯಲು ಮಗು ಇನ್ನೊಂದು ಊರಿಗೆ ಹೋಗಬೇಕು. ಐದನೇ ತರಗತಿಗೇ ನಿಲ್ಲುವ ಕಿರಿಯ ಪ್ರಾಥಮಿಕ ಶಾಲೆಯಿರುವ ತಾಂಡಾಗಳಲ್ಲಿ ಈ ಹೊರಡುವಿಕೆ ಎರಡು ವರ್ಷ ಮುಂಚೆಯೇ ಬರುತ್ತದೆ.

ಹೊರಡುವುದೆಂದರೆ ಬಸ್ಸು. ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳ ಓದಿನ ಹಣೆಬರಹವನ್ನು ಬಹುಮಟ್ಟಿಗೆ ಬರೆಯುವುದು ಬಸ್ಸಿನ ವೇಳಾಪಟ್ಟಿ. ನಾನು ಶಿರಹಟ್ಟಿ ಕಡೆಯ ಒಂದು ಊರಿನಲ್ಲಿ, ಏಳನೆಯದರಲ್ಲಿ ಚೆನ್ನಾಗಿ ಓದಿದ್ದ ಮಗಳನ್ನು ಬಿಡಿಸಿದ್ದ ತಂದೆಯನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟು: “ಕಲಿಸಬಾರದಂತ ಅಲ್ರಿ ಸರ. ಸಾಲಿ ಬಿಡೂದು ನಾಕೂವರಿಗೆ, ಬಸ್ಸು ಬರೂದು ಆರಕ್ಕ. ಕ್ರಾಸಿಗೆ ಇಳದು ಎರಡು ಕಿಲೋಮೀಟರ್ ಹೊಲದ ದಾರಿ ನಡೀಬೇಕು. ಮಳಿಗಾಲದಾಗ ಕತ್ತಲ ಆಗಿರತೈತಿ. ಆಕಿ ಜೋಡಿ ಹೋಗವರು ಇನ್ನೊಬ್ಬರಿಲ್ಲ.” ಈ ಮಾತಿನಲ್ಲಿ ಹೆಣ್ಣು ಓದಬಾರದೆಂಬ ಹಟ ಎಲ್ಲಿಯೂ ಇಲ್ಲ. ಅಧಿಕಾರಿಗಳ ವರದಿಯಲ್ಲಿ ಮಾತ್ರ ಈ ಮಗು 'ಪಾಲಕರ ನಿರಾಸಕ್ತಿ' ಎಂಬ ಕಾಲಮ್ಮಿನಲ್ಲಿ ಬರುತ್ತದೆ. ಇದು ಆ ತಂದೆಗೆ ಮಾಡುವ ಅನ್ಯಾಯ ಎಂದು ನಾನು ತಿಳಿದಿದ್ದೇನೆ.

2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ, ಯೋಜನೆ ಮಾಡಿದವರು ಏಳರಿಂದ ಎಂಟಕ್ಕೆ ದಾಟುವ ಈ ಜಾಗವನ್ನೇ ಸರಿಯಾಗಿ ಗುರುತಿಸಿದ್ದರು. ಸಂಜೆ ಸೈಕಲ್ ತುಳಿಯುತ್ತ ಗುಂಪಾಗಿ ಊರಿಗೆ ಮರಳುವ ಹುಡುಗಿಯರನ್ನು ನಾವೆಲ್ಲ ನೋಡಿದ್ದೇವೆ. ಗುಂಪಿದ್ದರೆ ಹೆದರಿಕೆ ಕಡಿಮೆ. ಆ ಯೋಜನೆ ಕೋವಿಡ್ ಕಾಲದಲ್ಲಿ ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ, ಪಾಸಿನ ಹಣಕ್ಕಾಗಿ ನಿಂತಿದ್ದ ಕಾಲೇಜು ಹುಡುಗಿಯರಿಗೆ ಅದರಿಂದ ದೊಡ್ಡ ಅನುಕೂಲವಾಗಿದೆ. ಆದರೆ ಉಚಿತ ಟಿಕೆಟ್ಟು ಫಲ ಕೊಡಬೇಕಾದರೆ ಊರಿಗೆ ಬಸ್ಸು ಬರಬೇಕು, ಶಾಲೆ ಬಿಟ್ಟ ಹೊತ್ತಿಗೆ ಬರಬೇಕು, ತುಂಬಿ ತುಳುಕುತ್ತಿದ್ದರೂ ಕ್ರಾಸಿನಲ್ಲಿ ಮಕ್ಕಳನ್ನು ಕಂಡು ನಿಲ್ಲಿಸಬೇಕು.

ಇನ್ನು ರಾಣೆಬೆನ್ನೂರು ಕಡೆಯ ಬೀಜದ ಪ್ಲಾಟುಗಳ ವಿಷಯ. ಹತ್ತಿ ಮತ್ತು ತರಕಾರಿಯ ಹೈಬ್ರಿಡ್ ಬೀಜ ತಯಾರಿಸುವ ಹೊಲಗಳಲ್ಲಿ 'ಕ್ರಾಸಿಂಗ್' ಎಂಬ ಕೆಲಸವಿದೆ. ಹತ್ತಿಯಲ್ಲಿ ಅದು ಹೇಗೆ ನಡೆಯುತ್ತದೆ ಎಂದರೆ, ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ದಿನ ಸಂಜೆಯೇ ಗುರುತಿಸಿ, ಅದರ ಎಸಳು ಮತ್ತು ಗಂಡು ಕೇಸರಗಳನ್ನು ಉಗುರಿನಿಂದ ಬಿಡಿಸಿ, ನಡುವಿನ ಹೆಣ್ಣು ಭಾಗಕ್ಕೆ ಗಾಯವಾಗದಂತೆ ಉಳಿಸಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವನ್ನು ಕಿತ್ತು ತಂದು ಅದಕ್ಕೆ ಪರಾಗ ಸವರಬೇಕು. ಸಣ್ಣ ಬೆರಳುಗಳಿಗೆ ಈ ಕೆಲಸ ಸಲೀಸು, ಗಿಡದ ಎತ್ತರಕ್ಕೆ ಹುಡುಗಿಯರು ಬಗ್ಗಬೇಕಾಗಿಲ್ಲ ಎಂಬುದು ಹೊಲದವರ ಲೆಕ್ಕ. ಪರಾಗ ಸವರುವ ಹೊತ್ತು ಬೆಳಗಿನ ಶಾಲೆಯ ಹೊತ್ತೇ. ಹಂಗಾಮು ಬರುವುದು ಶಾಲೆ ಶುರುವಾಗಿ ಒಂದೆರಡು ತಿಂಗಳಾದ ಮೇಲೆ, ಅಂದರೆ ಹೊಸ ಶಾಲೆಗೆ ಹೋದ ಎಂಟನೆಯ ತರಗತಿಯ ಮಗು ಇನ್ನೂ ಅಲ್ಲಿ ಬೇರು ಬಿಡುವ ಮೊದಲೇ. ವಾರಗಟ್ಟಲೆ ತಪ್ಪಿಸಿಕೊಂಡು ಬಂದಾಗ ಬೀಜಗಣಿತದ ಪಾಠ ಮುಂದೆ ಹೋಗಿರುತ್ತದೆ, ಶಿಕ್ಷಕರು ಹೊಸಬರು, ಗೆಳತಿಯರಿಲ್ಲ. ಮತ್ತೆ ಬರಬೇಕೆಂಬ ಮನಸ್ಸೇ ಉಳಿಯುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿತಾದರೂ, ಶಾಲೆಯ ಅವಧಿಯ ನಂತರ ಮನೆಯವರ ಕಸುಬಿಗೆ ನೆರವಾಗಬಹುದೆಂಬ ಅವಕಾಶವನ್ನು ಉಳಿಸಿದೆ. ಹೊಲದಲ್ಲಿ ಸಿಕ್ಕ ಪ್ರತಿ ಮಗುವೂ ಆಗ 'ನಮ್ಮ ಮನಿ ಹುಡುಗಿ'ಯಾಗುತ್ತಾಳೆ. ತಾಂಡಾದಿಂದ ಗೋವಾಕ್ಕೋ ಮಂಗಳೂರಿಗೋ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬದ ಮಕ್ಕಳದ್ದೂ ಹೆಚ್ಚು ಕಡಿಮೆ ಇದೇ ಕತೆ. ಅವರ ಹೆಸರು ಊರಿನ ಹಾಜರಿಯಲ್ಲಿರುತ್ತದೆ, ಅವರು ಇರುವುದಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಒಂದು ಮಾತು ಹೇಳಬೇಕು. ಧಾರವಾಡವನ್ನು ನಾವು ವಿದ್ಯಾಕಾಶಿ ಎಂದು ಕರೆದುಕೊಳ್ಳುತ್ತೇವೆ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಮುಂದೆ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ ಹೀಗೆ ಸಂಸ್ಥೆಗಳ ಹೆಸರು ಹೇಳುತ್ತೇವೆ. ಆದರೆ ಹಳ್ಳಿಯ ಬಡ ಹುಡುಗ ಈ ಊರಿಗೆ ಬಂದು ಓದಲು ಸಾಧ್ಯವಾದದ್ದು ಕಾಲೇಜಿನ ಕಟ್ಟಡ ಒಂದರಿಂದಲೇ ಅಲ್ಲ. ಊರಿನಿಂದ ಪಟ್ಟಣಕ್ಕೆ ದಾಟುವ ಜಾಗದಲ್ಲಿ ಅವನಿಗೆ ಯಾರೋ ಅನ್ನ ಹಾಕಿದರು, ಮಲಗಲು ಜಾಗ ಕೊಟ್ಟರು. ಕೆಲವರು ವಾರಾನ್ನ ಉಂಡು ಓದಿದರು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ತಲೆಮಾರುಗಳ ಉದ್ದಕ್ಕೂ ಇದ್ದಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರನ್ನೂ ಒಟ್ಟಿಗೆ ಕೊಟ್ಟರು. ಈ ಅನ್ನಕ್ಕೂ ಜಾತಿಯ ಗೆರೆಯಿತ್ತು ಎಂಬುದನ್ನು ಮರೆಯಬಾರದು. ಮಠ–ಮನೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅದಕ್ಕಾಗಿಯೇ 1920ರ ದಶಕದ ಕೊನೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಪ್ರಯತ್ನದಿಂದ ಧಾರವಾಡದಲ್ಲಿ ಶೋಷಿತ ವರ್ಗದ ವಿದ್ಯಾರ್ಥಿಗಳಿಗೆ ವಸತಿ ನಿಲಯ ಬಂದಿತು. ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲ ಮತ್ತು ನಾಗಮ್ಮತಾಯಿ ಪಾಟೀಲ ದಂಪತಿ ದಲಿತ ಹೆಣ್ಣುಮಕ್ಕಳಿಗಾಗಿ ಆಶ್ರಮ ನಡೆಸಿದರು. ಶಾಲೆ ಕಟ್ಟಿದರೆ ಸಾಲದು, ಶಾಲೆಗೆ ದಾಟಿಸಬೇಕು ಎಂಬ ತಿಳಿವಳಿಕೆ ಆ ಹಿರಿಯರಿಗೆಲ್ಲ ಇತ್ತು. ಇಂದು ಆ ಹೊಣೆ ಸರ್ಕಾರಿ ಹಾಸ್ಟೆಲುಗಳ ಮೇಲಿದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಕಸ್ತೂರಬಾ ವಸತಿ ಶಾಲೆಗಳು ಎಷ್ಟೋ ಮನೆಗಳ ದಿಕ್ಕು ಬದಲಿಸಿವೆ. ಆದರೆ ಸೀಟಿಗೆ ಬರುವ ಅರ್ಜಿಗಳೆದುರು ಸೀಟುಗಳು ಕಡಿಮೆ. ಕಾಲೇಜು ಹಾಸ್ಟೆಲಿನ ಪ್ರವೇಶವಂತೂ ತರಗತಿ ಶುರುವಾಗಿ ಎಷ್ಟೋ ದಿನಗಳ ಮೇಲೆ ಮುಗಿಯುತ್ತದೆ. ಅಲ್ಲಿಯವರೆಗೆ ಹುಡುಗ ಎಲ್ಲಿರಬೇಕು ಎಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ.

ಎಸ್ಸೆಸ್ಸೆಲ್ಸಿಗೆ ಬರೋಣ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ ಅದು ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ನಂತರ. 2025ರಲ್ಲಿ ಆ ಕೃಪಾಂಕವನ್ನು ತೆಗೆದ ಮೇಲೆ ಶೇ. 66.14. ಕ್ಯಾಮೆರಾ ಇಟ್ಟದ್ದು ತಪ್ಪೆಂದು ನಾನು ಹೇಳಲಾರೆ. ನಕಲು ನಿಲ್ಲಲೇಬೇಕಿತ್ತು. ಆದರೆ ಐದನೆಯ ತರಗತಿಯಲ್ಲಿ ಓದಲು ಬಾರದಿದ್ದುದನ್ನು ಕಾಣದೆ ಮುಂದಕ್ಕೆ ಕಳುಹಿಸಿದ, ಎಂಟನೆಯದರಲ್ಲಿ ಗಣಿತದ ಹುದ್ದೆ ಖಾಲಿ ಬಿಟ್ಟ ವ್ಯವಸ್ಥೆ ಹತ್ತನೆಯದರ ಕೊಠಡಿಯಲ್ಲಿ ಮಾತ್ರ ಕಣ್ಣು ತೆರೆದು ಕುಳಿತರೆ, ಅದರ ಪೆಟ್ಟು ಬೀಳುವುದು ಮಗುವಿನ ಮೇಲೆಯೇ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಬರುತ್ತಾರೆ ನಿಜ. ಅವರ ನೇಮಕದ ಆದೇಶ ಬರುವ ಹೊತ್ತಿಗೆ ಜೂನ್ ಕಳೆದಿರುತ್ತದೆ, ಮಾರ್ಚ್ ಬಂದರೆ ಅವರ ಅವಧಿ ಮುಗಿಯುತ್ತದೆ, ಸಂಬಳ ತಿಂಗಳುಗಟ್ಟಲೆ ತಡವಾಗುತ್ತದೆ. ಅವರಲ್ಲಿ ಬಹಳ ಮಂದಿ ಜೀವ ತೇಯ್ದು ಕಲಿಸುತ್ತಾರೆ ಎಂಬುದನ್ನು ಕಂಡು ಹೇಳುತ್ತಿದ್ದೇನೆ. ಮಕ್ಕಳಿಗೆ ಪ್ರತಿ ವರ್ಷ ಹೊಸ ಮುಖ, ಶಿಕ್ಷಕರಿಗೆ ಪ್ರತಿ ವರ್ಷ ಹೊಸ ಆತಂಕ.

ಗಂಡುಮಕ್ಕಳ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಯರ ಫಲಿತಾಂಶ ವರ್ಷವರ್ಷವೂ ಹುಡುಗರಿಗಿಂತ ಮೇಲಿದೆ. ನಪಾಸಾದ ಹುಡುಗ ವಾರದೊಳಗೆ ಹುಬ್ಬಳ್ಳಿಯ ಗ್ಯಾರೇಜಿಗೋ ಅಮರಗೋಳದ ಎಪಿಎಂಸಿಗೋ ಸೇರುತ್ತಾನೆ, ಕೈಗೆ ಕೂಲಿ ಬರತೊಡಗಿದರೆ ಮತ್ತೆ ಪುಸ್ತಕದ ಕಡೆ ತಿರುಗುವುದಿಲ್ಲ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂತು, ಆದರೆ ಎರಡನೇ ಪರೀಕ್ಷೆಗೆ ಅವನನ್ನು ಹುಡುಕಿಕೊಂಡು ಹೋಗಿ ಕೂರಿಸುವವರು ಬೇಕು. ಪಾಸಾದ ಹುಡುಗಿಯ ಮನೆಯಲ್ಲಿ ಅದೇ ಮೇ ತಿಂಗಳಿನಲ್ಲಿ ಮದುವೆಯ ಮಾತು ಬರುತ್ತದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೆ ಪಿಯು ಕಾಲೇಜು ಇಪ್ಪತ್ತು ಕಿಲೋಮೀಟರ್ ದೂರವಿದ್ದು, ಹಾಸ್ಟೆಲ್ ಸಿಗುತ್ತದೋ ಇಲ್ಲವೋ ತಿಳಿಯದಿದ್ದಾಗ ಕಾನೂನಿನ ತಿಳಿವಳಿಕೆ ಮಾತ್ರ ಆ ಮದುವೆಯನ್ನು ತಡೆಯಲಾರದು. ಕೈಯಲ್ಲಿ ಹಾಸ್ಟೆಲ್ ಸೀಟಿದ್ದರೆ ತಾಯಿಗೆ ಮನೆಯಲ್ಲಿ ವಾದ ಮಾಡಲು ಒಂದು ಆಸರೆಯಾದರೂ ಇರುತ್ತದೆ.

ಪಿಯುನಲ್ಲಿ ದಾಟುವುದು ಊರು ಮಾತ್ರವಲ್ಲ, ಭಾಷೆಯನ್ನೂ. ಮಾಧ್ಯಮದ ಆಯ್ಕೆ ಪಾಲಕರದ್ದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ಕೊಟ್ಟಿತು. ಆ ಆಯ್ಕೆ ಹಣವಿದ್ದವರಿಗೆ ನಿಜವಾದ ಆಯ್ಕೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಮೀಸಲಿಟ್ಟ ಶೇ. 25ರ ಸೀಟುಗಳ ಮೂಲಕ ಬಡವರಿಗೂ ಒಂದಿಷ್ಟು ಸಿಕ್ಕಿತ್ತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದು 2019ರಲ್ಲಿ ನಿಯಮ ಬದಲಾದ ಮೇಲೆ ಅದೂ ಬಹುಪಾಲು ನಿಂತಿತು. ಸರ್ಕಾರಿ ಶಾಲೆ ಬಲವಾಗಲಿ ಎಂಬ ಉದ್ದೇಶ ಒಳ್ಳೆಯದೇ, ಆದರೆ ಬಲಪಡಿಸುವ ಕೆಲಸ ಮೊದಲು ಆಗಬೇಕಿತ್ತು. ಹತ್ತು ವರ್ಷ ಕನ್ನಡದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಊರಿಗೆ ಮೊದಲಿಗನಾಗಿ ಬಂದ ಹುಡುಗ ವಿಜ್ಞಾನ ತೆಗೆದುಕೊಂಡು ಪಿಯು ಮೊದಲ ವರ್ಷಕ್ಕೆ ಬರುತ್ತಾನೆ. ಪಾಠ ಇಂಗ್ಲಿಷಿನಲ್ಲಿ. ಮೊದಲೆರಡು ವಾರ ಮುಂದಿನ ಬೆಂಚಿನಲ್ಲಿ ಕೂರುತ್ತಾನೆ, ಆಮೇಲೆ ಹಿಂದಕ್ಕೆ ಸರಿಯುತ್ತಾನೆ, ಆಗಸ್ಟಿನ ಹೊತ್ತಿಗೆ ಕಲಾ ವಿಭಾಗಕ್ಕೆ ಬದಲಿಸಿಕೊಡಿ ಎಂಬ ಅರ್ಜಿ ಹಿಡಿದು ಬರುತ್ತಾನೆ. ಕಲಾ ವಿಭಾಗ ಕೀಳೆಂದು ನಾನು ಹೇಳುತ್ತಿಲ್ಲ. ಆರಿಸಿಕೊಂಡು ಬರಬೇಕಾದ ವಿಭಾಗಕ್ಕೆ ಸೋತು ಬರುತ್ತಿದ್ದಾನೆ ಎಂಬುದು ನನ್ನ ನೋವು. ವೃತ್ತಿಶಿಕ್ಷಣ ಪ್ರವೇಶದ ಸಿಇಟಿ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಅದನ್ನು ಬಳಸಿಕೊಳ್ಳುವಷ್ಟು ದೂರ ಬರಲು ಈ ಹುಡುಗನಿಗೆ ಬೇಕಿದ್ದದ್ದು ಜೂನ್ ಮತ್ತು ಜುಲೈಯಲ್ಲಿ ಒಂದು ಸೇತುಬಂಧ ತರಗತಿ, ಕನ್ನಡದಲ್ಲಿ ಅವನಿಗೆ ಗೊತ್ತಿರುವುದನ್ನೇ ಇಂಗ್ಲಿಷಿನಲ್ಲಿ ಗುರುತಿಸಲು ಕಲಿಸುವ ಶಿಕ್ಷಕ. ಕೆಲವು ಉಪನ್ಯಾಸಕರು ಸ್ವಂತ ಆಸಕ್ತಿಯಿಂದ ಇದನ್ನು ಮಾಡುತ್ತಿದ್ದಾರೆ. ಪ್ರತಿ ಸರ್ಕಾರಿ ಕಾಲೇಜಿನಲ್ಲಿ ಇದು ವೇಳಾಪಟ್ಟಿಯ ಭಾಗವಾಗಬೇಕು.

ಪದವಿ ಕಾಲೇಜಿನ ಬಗ್ಗೆ ಬೇಗ ಹೇಳುತ್ತೇನೆ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆವು. ನಡುವೆ ಕನ್ನಡದಲ್ಲಿ ಪಠ್ಯಪುಸ್ತಕ ಸಿಗದೆ ಒದ್ದಾಡಿದವರು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಮಕ್ಕಳು. ಕಲಿಸುವವರಲ್ಲಿ ದೊಡ್ಡ ಪಾಲು ಅತಿಥಿ ಉಪನ್ಯಾಸಕರು. 2023ರಲ್ಲಿ ಆರಂಭವಾದ ಹಾವೇರಿ ವಿಶ್ವವಿದ್ಯಾಲಯವನ್ನು ಎರಡೇ ವರ್ಷಕ್ಕೆ ಮುಚ್ಚುವ ಶಿಫಾರಸು ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಹಣವಿಲ್ಲದೆ ವಿಶ್ವವಿದ್ಯಾಲಯ ತೆರೆಯುವುದೂ, ತೆರೆದದ್ದನ್ನು ಮುಚ್ಚಲು ಹೊರಡುವುದೂ ಜಿಲ್ಲೆಯ ಮಕ್ಕಳ ನಂಬಿಕೆಗೆ ಬಿದ್ದ ಪೆಟ್ಟು.

ವಿದ್ಯಾರ್ಥಿವೇತನದ ಕೌಂಟರಿನಲ್ಲಿ ಕಂಡದ್ದನ್ನು ಮಾತ್ರ ತುಸು ವಿವರವಾಗಿ ಹೇಳಬೇಕು. ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ. ಅದಕ್ಕೆ ಆಧಾರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಜಾತಿ ಮತ್ತು ಆದಾಯ ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಬೇಕು. ಒಬ್ಬ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ತಂದೆಯ ಹೆಸರಿದೆ, ಆಧಾರಿನಲ್ಲಿ ಮನೆತನದ ಹೆಸರಿದೆ. ಪೋರ್ಟಲ್ ಒಪ್ಪುವುದಿಲ್ಲ. ಆಧಾರ್ ತಿದ್ದಿಸಲು ತಾಲ್ಲೂಕಿಗೆ ಹೋಗಬೇಕು, ಅಲ್ಲಿ ಟೋಕನ್ ಮುಗಿದಿರುತ್ತದೆ, ಮರುದಿನ ಮತ್ತೆ ಹೋಗಬೇಕು. ಜೊತೆಗೆ ತಾಯಿ ಬಂದರೆ ತಾಯಿಯ ಕೂಲಿಯೂ ಹೋಯಿತು. ಇದನ್ನೆಲ್ಲ ಮಾಡಿಕೊಡುವ ಅಣ್ಣನೋ ಮಾವನೋ ಇದ್ದ ಮನೆಯ ಮಗುವಿಗೆ ಹಣ ಬರುತ್ತದೆ. ಯಾರ ಮನೆಯಲ್ಲಿ ಓದಿದವರೇ ಇಲ್ಲವೋ, ಅಂದರೆ ಯಾರಿಗಾಗಿ ಈ ಯೋಜನೆ ಹುಟ್ಟಿತೋ, ಅವರ ಅರ್ಜಿಯೇ ಹೆಚ್ಚಾಗಿ ತಿರಸ್ಕಾರವಾಗುತ್ತದೆ.

ಕೊನೆಯ ದಾಟು ಪದವಿಯಿಂದ ಕೆಲಸಕ್ಕೆ. ಧಾರವಾಡದ ಸಪ್ತಾಪುರ, ಶ್ರೀನಗರ ವೃತ್ತದ ಸುತ್ತಮುತ್ತ ರೂಮು ಮಾಡಿಕೊಂಡು, ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತ ರೀಡಿಂಗ್ ರೂಮಿನಲ್ಲಿ ದಿನ ಕಳೆಯುವ ಸಾವಿರಾರು ಯುವಕ ಯುವತಿಯರು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದವರು. ರೂಮಿನ ಬಾಡಿಗೆ, ಮೆಸ್ಸು, ಕೋಚಿಂಗ್ ಶುಲ್ಕ ಎಲ್ಲಕ್ಕೂ ಊರಿನಲ್ಲಿ ಎಕರೆಯ ಮೇಲೆ ಸಾಲ ತೆಗೆದಿರುತ್ತಾರೆ. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟಿನಲ್ಲಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ ತಪ್ಪುಗಳಿಂದ ತುಂಬಿತ್ತು. ಡಿಸೆಂಬರಿನಲ್ಲಿ ಮತ್ತೆ ಬರೆಸಿದರು, ಆಗಲೂ ದೂರು ಬಂತು. ಕನ್ನಡ ನಾಡಿನ ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆದವನಿಗೆ ನಷ್ಟವಾಗುವುದೆಂದರೆ, ಮೊದಲ ತರಗತಿಯಿಂದ ಅವನು ದಾಟಿಬಂದ ಅಷ್ಟೂ ಹಂತಗಳನ್ನು ಒಂದೇ ಬೆಳಿಗ್ಗೆ ಅಳಿಸಿಹಾಕಿದಂತೆ. ಆ ಹುಡುಗರ ಸಿಟ್ಟು ನ್ಯಾಯವಾದದ್ದು.

ಹಾಗಾದರೆ ಏನು ಮಾಡಬೇಕು ಎಂದು ಮುಂದಿನ ಸಾಲಿನಲ್ಲಿ ಕುಳಿತ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೊಬ್ಬರು ಆಗಲೇ ಕೇಳಿದರು. ಮಾಹಿತಿ ಇಲ್ಲವೆಂದು ಸರ್ಕಾರ ಹೇಳುವಂತಿಲ್ಲ. ಅಂಗನವಾಡಿಯ ಮಗು ಪೋಷಣ್ ಟ್ರ್ಯಾಕರಿನಲ್ಲಿದೆ, ಶಾಲೆಯ ಮಗುವಿಗೆ ಶಾಲಾ ದಾಖಲೆಯ ತಂತ್ರಾಂಶವಾದ ಸ್ಯಾಟ್ಸ್‌ನ ಸಂಖ್ಯೆಯಿದೆ, ಪದವಿಯವರ ಹೆಸರು ವಿಶ್ವವಿದ್ಯಾಲಯಗಳ ತಂತ್ರಾಂಶವಾದ ಯುಯುಸಿಎಂಎಸ್‌ನಲ್ಲಿದೆ. ಮೂರೂ ಒಂದಕ್ಕೊಂದು ಮಾತಾಡುವಂತೆ ಮಾಡಬೇಕೆಂಬ ಒತ್ತಾಯ ನಮ್ಮಿಂದ ಹೋಗಬೇಕು. ಆದರೆ ಅದಕ್ಕಾಗಿ ಕಾಯಬೇಕಿಲ್ಲ. ಏಪ್ರಿಲಿನಲ್ಲಿ ಏಳನೆಯ ಮತ್ತು ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದರೆ ಒಂದು ಗ್ರಾಮ ಪಂಚಾಯಿತಿಗೆ ಅದು ದೊಡ್ಡ ಪಟ್ಟಿಯೇನಲ್ಲ. ಪ್ರತಿ ಹೆಸರಿನ ಮುಂದೆ ಮೂರು ಪ್ರಶ್ನೆ: ಯಾವ ಶಾಲೆಗೆ ಸೇರುತ್ತದೆ, ಹೇಗೆ ಹೋಗುತ್ತದೆ, ಯಾವ ಕಾಗದ ಬಾಕಿಯಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಎಂಟನೆಯದರವರೆಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಪ್ರತಿ ಪಾಲಕರೂ ತಿಳಿದಿರಬೇಕು.

ಇದು ಶಿಕ್ಷಕರ ತಲೆಗೆ ಇನ್ನೊಂದು ಕೆಲಸ ಕಟ್ಟಿದಂತೆ ಎಂದು ಇಲ್ಲಿರುವ ಶಿಕ್ಷಕ ಮಿತ್ರರಿಗೆ ಅನಿಸಬಹುದು. ಈ ಕೆಲಸ ಅವರದ್ದಾಗಬಾರದು ಎಂಬುದೇ ನನ್ನ ಅಭಿಪ್ರಾಯ. ಶಿಕ್ಷಕರು ಹೆಸರುಗಳನ್ನು ಕೊಡಲಿ, ಪಟ್ಟಿ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿರಲಿ. ಆ ಗ್ರಂಥಾಲಯ ಬೇಸಿಗೆಯಲ್ಲೂ ತೆರೆದಿರುತ್ತದೆ, ಅಲ್ಲೊಬ್ಬ ಮೇಲ್ವಿಚಾರಕರಿದ್ದಾರೆ, ಹಲವೆಡೆ ಕಂಪ್ಯೂಟರೂ ಇದೆ. ಆಧಾರಿನ ಹೆಸರು ಹೊಂದುತ್ತದೆಯೇ ಎಂದು ಮೇ ತಿಂಗಳಲ್ಲೇ ನೋಡಿದರೆ ಸೆಪ್ಟೆಂಬರಿನಲ್ಲಿ ಅರ್ಜಿ ತಿರಸ್ಕಾರವಾಗುವುದಿಲ್ಲ. ಊರಿನಿಂದ ಪ್ರೌಢಶಾಲೆಗೆ ಎಷ್ಟು ಹುಡುಗಿಯರು ಹೋಗುತ್ತಾರೆ, ಶಾಲೆ ಎಷ್ಟು ಗಂಟೆಗೆ ಬಿಡುತ್ತದೆ ಎಂಬುದನ್ನು ಠರಾವಿನಲ್ಲಿ ಬರೆದು ಬಸ್ ಡಿಪೊದ ವ್ಯವಸ್ಥಾಪಕರಿಗೆ ಜೂನ್ ಮೊದಲ ವಾರದೊಳಗೆ ತಲುಪಿಸಬೇಕು, ಏಕೆಂದರೆ ಶೆಡ್ಯೂಲು ಒಮ್ಮೆ ನಿಗದಿಯಾದ ಮೇಲೆ ಬದಲಿಸಲು ಅವರಿಗೂ ಕಷ್ಟ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಹಾಡು–ಭಾಷಣಗಳ ಜೊತೆಗೆ ಈ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಶಾಲೆ ತಪ್ಪಿದ ಮಗುವಿನ ಮನೆಗೆ ಯಾರು ಹೋಗುತ್ತೀರಿ ಎಂದು ಸದಸ್ಯರನ್ನು ಕೇಳಬೇಕು. ಇದಕ್ಕೆ ಮೇಲಿನಿಂದ ಹೊಸ ಆದೇಶವೂ ಬೇಕಿಲ್ಲ, ಪ್ರತ್ಯೇಕ ಅನುದಾನವೂ ಬೇಕಿಲ್ಲ. ನಿಮ್ಮ ನಿಮ್ಮ ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸುವಂತೆ ಒಂದು ಅರ್ಜಿ ಕೊಟ್ಟರೆ ಸಾಕು.